ಬನಿಯಾಸಿನ ಅಜ್ಜಿಯ ಕಿಟಕಿಗೆ ಶಟರ್ ಹಾಕಿಸಿದ್ದು

ಹಾಸಿಗೆಯ ಮೇಲೆ ಬಿದ್ದ ಗಾಜನ್ನು ಗುಡಿಸಲು ಹೋಗಬಾರದು. ಹೊದಿಕೆಯ ನಾಲ್ಕು ಮೂಲೆಗಳನ್ನು ಒಟ್ಟಿಗೆ ಹಿಡಿದು, ಗಂಟು ಕಟ್ಟಿ, ಹಾಗೆಯೇ ಹೊರಗೆ ಒಯ್ಯಬೇಕು. ಅಬುಧಾಬಿಯ ಹೊರವಲಯದ ಬನಿಯಾಸಿನ ಆ ವಿಲ್ಲಾದಿಂದ ಅಂದು ಬೆಳಿಗ್ಗೆ ನಾನು ಅಂಥ ಮೂರು ಗಂಟುಗಳನ್ನು ಹೊರಗೆ ಹೊತ್ತು ಹಾಕಿದೆ. ಹಿಂದಿನ ಮಧ್ಯಾಹ್ನ ಗಾಳಿ, ಮಳೆ, ಆಲಿಕಲ್ಲು ಮೂರೂ ಒಟ್ಟಿಗೆ ಬಂದಿದ್ದವು. ಪಕ್ಕದಲ್ಲಿ ಕಟ್ಟುತ್ತಿದ್ದ ಮನೆಯ ಪ್ಲೈವುಡ್ ಹಲಗೆಯೊಂದು ಹಾರಿ ಬಂದು ಪಶ್ಚಿಮದ ದೊಡ್ಡ ಕಿಟಕಿಗೆ ಬಡಿದಿತ್ತು. ಆ ಕಿಟಕಿಯ ಬುಡದಲ್ಲೇ ಯಜಮಾನರ ತಾಯಿಯ ಮಂಚ. ಎಂಬತ್ತು ದಾಟಿದ ಅಜ್ಜಿ, ಎದ್ದು ನಾಲ್ಕು ಹೆಜ್ಜೆ ಇಡಲು ಇಬ್ಬರ ಆಸರೆ ಬೇಕು. ಮುಖಕ್ಕೆ ಕೈ ಅಡ್ಡ ಹಿಡಿದದ್ದರಿಂದ ಮುಖ ಉಳಿಯಿತು. ಎರಡೂ ಮುಂಗೈಗಳಿಗೆ ಹೊಲಿಗೆ ಬಿತ್ತು.

ಆ ಅರಬ್ ಯಜಮಾನರ ಬಾಡಿಗೆ ವಿಲ್ಲಾಗಳು ಮತ್ತು ಅವರ ಸ್ವಂತ ಮನೆ, ಎಲ್ಲದರ ರಿಪೇರಿ ನೋಡಿಕೊಳ್ಳುವುದು ನನ್ನ ಕೆಲಸ. ಎಸಿ ನಿಂತರೆ ನನಗೆ ಫೋನು, ನಲ್ಲಿ ಸೋರಿದರೆ ನನಗೆ ಫೋನು. ನಲ್ಲಿಗೂ ಎಸಿಗೂ ಹೆದರುವವನಲ್ಲ ನಾನು. ಆದರೆ ಅಜ್ಜಿ ಆಸ್ಪತ್ರೆಯಿಂದ ಬಂದವರು ತಮ್ಮ ಕೋಣೆಗೆ ಹೋಗಲು ಒಪ್ಪಲೇ ಇಲ್ಲ. ಕಿಟಕಿಯೇ ಇಲ್ಲದ ಕಾರಿಡಾರಿನಲ್ಲಿ, ಅಡುಗೆಮನೆಗೆ ಹೋಗುವ ದಾರಿಯಲ್ಲಿ ಮಂಚ ಹಾಕಿಸಿಕೊಂಡರು. ನನ್ನನ್ನು ಕಂಡಾಗಲೆಲ್ಲ ಬ್ಯಾಂಡೇಜಿನ ಕೈ ಎತ್ತಿ, ಅರಬಿಗೆ ಹಿಂದಿ ಬೆರೆಸಿ, "ಹವಾ ವಾಜಿದ್ ಖರಾಬ್" ಎನ್ನುತ್ತಿದ್ದರು. ಗಾಳಿ ಬಹಳ ಕೆಟ್ಟದ್ದು ಎಂದು. ಹೊಸ ಗಾಜು ಹಾಕಿಸಿದೆ. ಅವರು ಅದರ ಹತ್ತಿರವೂ ಸುಳಿಯಲಿಲ್ಲ.

ಯಜಮಾನರು ಒಮ್ಮೆ ಅಮೆರಿಕದ ಸಮುದ್ರ ತೀರದ ಊರಿನಲ್ಲಿ ರಜೆ ಕಳೆದು ಬಂದವರು. ಅಲ್ಲಿ ಪ್ರತಿ ಮನೆಯ ಕಿಟಕಿಗೂ ಚಂಡಮಾರುತ ತಡೆಯುವ ಶಟರ್ ನೋಡಿದ್ದರಂತೆ.

"ಅಂಥದ್ದೇ ಬೇಕು. ಮೂರು ಕೊಟೇಶನ್ ತಗೋ. ಆದರೆ ಕಾಗದ ನೋಡಿ ಆರಿಸಬೇಡ, ನಿನಗೆ ನಂಬಿಕೆ ಇರುವವನನ್ನು ಆರಿಸು. ಮಲಗುವುದು ನನ್ನ ತಾಯಿ," ಎಂದರು.

ಹರಿಕೇನ್ ಎಂಬುದು ಈ ಮರಳುಗಾಡಿಗೆ ಬರುವುದಿಲ್ಲ ಎಂದು ನನಗೂ ಗೊತ್ತು, ಅವರಿಗೂ ಗೊತ್ತು. ಆದರೆ ಹಲಗೆ ಹಾರಿಸುವ ಗಾಳಿಗೆ ಯಾವ ಹೆಸರಿಟ್ಟರೇನು? ದುಬೈಯಲ್ಲಿ ಮೆಟ್ರೋ ಓಡಲು ಶುರುವಾಗಿ ಐದಾರು ವರ್ಷವಾಗಿದ್ದ ಕಾಲ ಅದು. ಶಟರ್ ಎಂದರೆ ಅಂಗಡಿಯ ಶಟರ್ ಎಂದೇ ಇಲ್ಲಿನ ಹೆಚ್ಚಿನವರು ತಿಳಿದಿದ್ದರು, ನಾನೂ ಸೇರಿದಂತೆ.

ಮೊದಲು ಬಂದದ್ದು ದುಬೈಯ ದೊಡ್ಡ ಕಂಪನಿ. ಟೈ ಕಟ್ಟಿದ ಸೇಲ್ಸ್‌ಮನ್ ಲ್ಯಾಪ್‌ಟಾಪ್ ತೆರೆದು ವಿಡಿಯೋ ತೋರಿಸಿದ. ಮರದ ತುಂಡೊಂದನ್ನು ಫಿರಂಗಿಯಂಥ ಯಂತ್ರದಿಂದ ಶಟರಿಗೆ ಹೊಡೆಯುತ್ತಾರೆ, ಶಟರ್ ಬಗ್ಗುತ್ತದೆ, ಹರಿಯುವುದಿಲ್ಲ. ನೋಡಿ ನಾನೂ ಬಾಯಿ ಬಿಟ್ಟೆ. ಕಂಪನಿಯ ಸರ್ಟಿಫಿಕೇಟನ್ನು ಮನೆಗೆ ಒಯ್ದು ನಿಧಾನವಾಗಿ ಓದಿದೆ. ಪರೀಕ್ಷೆ ಮಾಡಿದ್ದು ಎರಡು ಮೀಟರ್ ಅಗಲದ ಶಟರಿಗೆ. ನಮ್ಮ ಕಿಟಕಿ ಮೂರು ಮೀಟರಿಗೂ ಹೆಚ್ಚು. ಶಟರ್ ಅಗಲವಾದಷ್ಟೂ ಗಾಳಿಗೆ ನಡುವಿನಲ್ಲಿ ಹೊಟ್ಟೆ ಬಿಡುತ್ತದೆ, ಪಟ್ಟಿಗಳ ತುದಿ ಅವು ಜಾರುವ ಪಕ್ಕದ ಚಾನೆಲ್ಲಿನಿಂದ ಕಳಚಿ ಬರುತ್ತದೆ. ಮರುದಿನ ಫೋನ್ ಮಾಡಿ ಕೇಳಿದರೆ, "ಸೇಮ್ ಕ್ವಾಲಿಟಿ ಸರ್, ಡೋಂಟ್ ವರಿ," ಎಂದ. ಬೆಳ್ಳಗಿರುವುದೆಲ್ಲ ಹಾಲಲ್ಲ. ಅವನ ಹೆಸರನ್ನು ಬದಿಗಿಟ್ಟೆ.

ನಿಜ ಹೇಳಬೇಕೆಂದರೆ ಅವನನ್ನು ಅಷ್ಟು ಉತ್ಸಾಹದಿಂದ ಬದಿಗಿಡಲು ಬೇರೆ ಕಾರಣವೂ ಇತ್ತು. ಕೆಲಸ ಯಾರಿಗೆ ಎಂದು ಯಜಮಾನರು ಶಟರ್ ಎಂದಾಗಲೇ ನಾನು ತೀರ್ಮಾನಿಸಿಯಾಗಿತ್ತು. ಅದು ಅಣ್ಣನಿಗೆ.

ಅಣ್ಣ ನನ್ನ ಒಡಹುಟ್ಟಿದವರಲ್ಲ. ಉಡುಪಿ ಕಡೆ ನಮ್ಮ ಪಕ್ಕದ ಊರಿನವರು. ನಾನು ವಿಸಿಟ್ ವೀಸಾದಲ್ಲಿ ಬಂದಿಳಿದಾಗ ಅಬುಧಾಬಿಯ ಕಾರ್ಖಾನೆಗಳ ಪ್ರದೇಶವಾದ ಮುಸಫ್ಫಾದ ತಮ್ಮ ಕೋಣೆಯಲ್ಲಿ ಜಾಗ ಕೊಟ್ಟವರು. ನಾಲ್ಕು ತಿಂಗಳು ಅವರ ಕುಚ್ಚಲಕ್ಕಿ ಗಂಜಿ, ಅವರ ಒಣಮೀನಿನ ಚಟ್ನಿ, ಅವರ ಚಾದರ. ಡಿಪ್ಲೊಮಾ ಓದಿದ್ದೇನೆಂಬ ಗತ್ತಿನಲ್ಲಿದ್ದ ನನಗೆ ಡ್ರಿಲ್ ಹಿಡಿಯಲು ಕಲಿಸಿದವರು. ಮುಸಫ್ಫಾದ ಒಂದು ಅಲ್ಯೂಮಿನಿಯಂ ಕಂಪನಿಯಲ್ಲಿ ಇಪ್ಪತ್ತಾರು ವರ್ಷದಿಂದ ಇದ್ದರು. ಅಳತೆ ತೆಗೆಯುವುದೂ ಅವರೇ, ನಿಂತು ಕೂರಿಸುವುದೂ ಅವರೇ. ಅವರ ಕಣ್ಣಳತೆಯ ಬಗ್ಗೆ ಕತೆಗಳೇ ಇದ್ದವು. ಇತ್ತೀಚೆಗೆ ಅವರ ಕಂಪನಿಗೆ ಕೆಲಸ ಕಡಿಮೆಯಾಗಿತ್ತು. ಹೊಸ ಮುದೀರ್ ಬಂದಿದ್ದ. ಇಲ್ಲಿ ಮ್ಯಾನೇಜರಿಗೆ ಹಾಗನ್ನುತ್ತಾರೆ. ಹಳಬರನ್ನು ಒಬ್ಬೊಬ್ಬರಾಗಿ ಕಳಿಸುತ್ತಿದ್ದಾನೆ ಎಂಬ ಸುದ್ದಿ ಇತ್ತು. ಈ ಕೆಲಸ ಸಿಕ್ಕರೆ ಅಣ್ಣನ ಮುಂದಿನ ವೀಸಾ ಗಟ್ಟಿ ಎಂದು ನಾನು ಲೆಕ್ಕ ಹಾಕಿದ್ದೆ.

ಅಣ್ಣ ಅಳತೆಗೆ ಬಂದರು. ಕೋಣೆಯೊಳಗೆ ಬಂದವರು ಗೋಡೆಯ ಮೇಲೆ ಉದ್ದಕ್ಕೂ ಕೈಯಾಡಿಸಿದರು. ಪ್ಲಾಸ್ಟರ್ ಪರೀಕ್ಷಿಸುವ ಹಳೆಯ ಕೈ ಎಂದುಕೊಂಡೆ. ಆಮೇಲೆ ಟೇಪನ್ನು ನನ್ನ ಕೈಗೆ ಕೊಟ್ಟರು.

"ನೀನೇ ಓದು, ನೀನೇ ಬರಿ. ಈಗ ನೀನು ದೊಡ್ಡ ಜನ ಅಲ್ವಾ?"

ಇಬ್ಬರೂ ನಕ್ಕೆವು. ಹಿಂದೆ ಅವರು ಓದಿ ಹೇಳುತ್ತಿದ್ದರು, ನಾನು ಟೇಪಿನ ತುದಿ ಹಿಡಿಯುತ್ತಿದ್ದೆ. ಈಗ ಗೌರವ ಕೊಡುತ್ತಿದ್ದಾರೆ ಎಂದು ಒಳಗೊಳಗೇ ಉಬ್ಬಿದೆ.

"ಅಣ್ಣ, ಗೋಡೆ ಎಂತದ್ದು ಅಂತ ನೋಡ್ಬೇಡ್ವಾ?"

"ಕಾಂಕ್ರೀಟ್ ಬ್ಲಾಕ್ ಮಾರಾಯ. ಇಲ್ಲಿ ಬೇರೆ ಎಂತ ಇರ್ತದೆ? ನನ್ನ ಹತ್ರ ಕೇಳ್ತಿಯಲ್ಲ ನೀನು!"

ಹೊರಗೆ ಹೋಗುವಾಗ ಮೆಟ್ಟಿಲಿನಲ್ಲಿ ಎಡವಿದರು. ಚಪ್ಪಲಿಗೆ ಬೈದರು. ನಾನೂ ಚಪ್ಪಲಿಗೆ ಬೈದೆ.

ಮೂರನೆಯ ಕಂಪನಿಯನ್ನು ಕರೆಸಿದ್ದು ಬರೀ ಮೂರು ಎಂಬ ಲೆಕ್ಕಕ್ಕೆ. ಬಂದವನು ಕೇರಳದ ಸರ್ವೆಯರ್, ಗಂಟು ಮುಖ, ನಗುವೆಂಬುದು ಇಲ್ಲ. ಬಂದವನೇ ಕಿಟಕಿ ಬಿಟ್ಟು ಬೇರೆಲ್ಲವನ್ನೂ ಕೇಳಿದ. ಈ ಕೋಣೆ ಮನೆಯ ಜೊತೆಗೇ ಕಟ್ಟಿದ್ದೋ ಆಮೇಲೆ ಸೇರಿಸಿದ್ದೋ? ಒಳಗೆ ಯಾರು ಮಲಗುತ್ತಾರೆ? ಅವರಿಗೆ ನಡೆಯಲು ಆಗುತ್ತದೆಯೇ? ಶಟರ್ ಮುಚ್ಚಿರುವಾಗ ಕರೆಂಟು ಹೋದರೆ ಯಾರು ತೆರೆಯುತ್ತಾರೆ? ತನ್ನ ಚೀಲದಿಂದ ಕೈಯಿಂದ ತಿರುಗಿಸುವ ಹಿಡಿಕೆಯೊಂದನ್ನು ತೆಗೆದು, ಕಾರಿಡಾರಿನಲ್ಲಿ ಮಲಗಿದ್ದ ಅಜ್ಜಿಯ ಕೈಗೆ ಕೊಟ್ಟು, ತಿರುಗಿಸಲು ಆಗುತ್ತದೆಯೇ ನೋಡಿ ಎಂದು ಸನ್ನೆ ಮಾಡಿದ. ಹೊಲಿಗೆಯ ಕೈಯಿಂದ ಅಜ್ಜಿ ನಾಲ್ಕು ಸುತ್ತು ತಿರುಗಿಸಿದರು. ಐದನೆಯದಕ್ಕೆ ಆಗಲಿಲ್ಲ. ಅವನು ಪುಸ್ತಕದಲ್ಲಿ ಏನೋ ಬರೆದುಕೊಂಡ.

ಕೊನೆಗೆ, "ಗೋಡೆಗೆ ಒಂದು ತೂತು ಹೊಡೆಯಬೇಕು," ಎಂದ, ಹಿಂದಿಯಲ್ಲಿ.

"ಕೆಲಸ ಕೊಡುವ ಮೊದಲೇ ತೂತಾ?"

"ತೂತು ಹೊಡೆಯದೆ ನಾನು ಕೊಟೇಶನ್ ಕೊಡುವುದಿಲ್ಲ ಸಾರ್. ಬೇಡವಾದರೆ ಹೋಗುತ್ತೇನೆ."

ನನಗೆ ಸಿಟ್ಟೇ ಬಂತು. ಇವನ ಗತ್ತೇ ಎಂದುಕೊಂಡು, ಹೊರಗೋಡೆಯಲ್ಲಿ ಕಿಟಕಿಯ ಪಕ್ಕ ಹೊಡೆ ಎಂದೆ. ಡ್ರಿಲ್ ಐದಾರು ಸೆಂಟಿಮೀಟರ್ ಹೋದದ್ದೇ ತಡ, ಧಡಕ್ಕನೆ ಒಳಗೆ ನುಗ್ಗಿತು. ಬೂದು ಬಣ್ಣದ ಪುಡಿಯ ಜೊತೆ ಬಿಳಿ ಕಾಳುಗಳು ಉದುರಿದವು. ಥರ್ಮೋಕೋಲ್. ಸೆಕೆ ತಡೆಯಲು ನಡುವೆ ಥರ್ಮೋಕೋಲ್ ಪದರ ಇಟ್ಟು ಮಾಡುವ ಬ್ಲಾಕ್ ಇದು. ಹೊರಗೊಂದು ತೆಳು ಕಾಂಕ್ರೀಟು, ಒಳಗೊಂದು ತೆಳು ಕಾಂಕ್ರೀಟು, ನಡುವೆ ಬೆಂಡು. ಇದಕ್ಕೆ ಮಾಮೂಲಿ ಬೋಲ್ಟ್ ಹಾಕಿ ಮೂರು ಮೀಟರ್ ಶಟರ್ ತೂಗಿಸಿದರೆ, ಜೋರು ಗಾಳಿಗೆ ಶಟರ್ ಗಟ್ಟಿಯಾಗಿಯೇ ಇರುತ್ತದೆ, ಗೋಡೆಯಿಂದ ಕಿತ್ತು ಬರುತ್ತದೆ. ಶಟರ್ ಸುತ್ತಿಕೊಳ್ಳುವ ಪೆಟ್ಟಿಗೆಯ ಸಮೇತ, ಮಂಚದ ಮೇಲೆ.

ಕಿಟಕಿಯ ಎರಡು ಪಕ್ಕದಲ್ಲೂ ಗೋಡೆಯೊಳಗೆ ಕಾಂಕ್ರೀಟ್ ಕಂಬ ಇದ್ದೇ ಇರುತ್ತದೆ, ಮೇಲೆ ತೊಲೆ ಇರುತ್ತದೆ, ಅವುಗಳಿಗೆ ಮಾತ್ರ ಬೋಲ್ಟ್ ಕೊಟ್ಟು ಕಬ್ಬಿಣದ ಚೌಕಟ್ಟು ನಿಲ್ಲಿಸಿ, ಆ ಚೌಕಟ್ಟಿಗೆ ಶಟರ್ ಹಾಕಬೇಕು ಎಂದು ಅವನು ಗೋಡೆಯ ಮೇಲೇ ಬೆರಳಿನಿಂದ ಚಿತ್ರ ಬರೆದು ತೋರಿಸಿದ. ಹೋಗುವಾಗ ತಾನು ಹೊಡೆದ ತೂತಿಗೆ ಸಿಮೆಂಟು ತುಂಬಿ, ಕೈಯಿಂದ ಒರೆಸಿ ಹೋದ.

ಅಣ್ಣನಿಗೆ ಫೋನ್ ಮಾಡಿದೆ.

"ಥರ್ಮೋಕೋಲ್ ಬ್ಲಾಕಾ? ಆಯ್ತು, ಕಂಬಕ್ಕೇ ಬೋಲ್ಟ್ ಕೊಡುವ. ಕೆಮಿಕಲ್ ಅಂಟು ಹಾಕಿ ಕೂರಿಸಿದ್ರೆ ಆನೆ ಎಳೆದ್ರೂ ಬರುದಿಲ್ಲ. ಅದಕ್ಕೆ ಚೌಕಟ್ಟು ಗೀಕಟ್ಟು ಎಂತಕ್ಕೆ?"

"ಅಣ್ಣ, ಒಂದು ಬ್ರಾಕೆಟ್ ಮಾತ್ರ ಹಾಕಿ ತೋರಿಸ್ತೀರಾ? ಎಳೆದು ನೋಡುವ ಗೇಜ್ ನಂಗೆ ಸಿಗ್ತದೆ."



"ನಂಗೆ ಪರೀಕ್ಷೆಯಾ?"

"ನಿಮಗಲ್ಲ ಅಣ್ಣ. ಗೋಡೆಗೆ."

"ಆಯ್ತು. ಬರ್ತೇನೆ."

ನಮ್ಮ ಕಡೆ ಒಂದು ಕ್ರಮವಿದೆ. ಹಿರಿಯರು ಕೆಲಸದಲ್ಲಿರುವಾಗ ಕಿರಿಯರು ತಪ್ಪು ತೋರಿಸುವುದಿಲ್ಲ. ತಪ್ಪು ಕಂಡರೂ ಆಮೇಲೆ ಬೇರೆ ಯಾರ ಮೂಲಕವೋ ತಿಳಿಸುತ್ತೇವೆ. ಇದನ್ನು ಮರ್ಯಾದೆ ಎನ್ನುತ್ತೇವೆ. ಶಾಲೆಯಲ್ಲಿ, ದೋಣಿಯಲ್ಲಿ, ಗ್ಯಾರೇಜಿನಲ್ಲಿ ಎಲ್ಲ ಕಡೆಯೂ ಇದು ನಡೆಯುತ್ತದೆ. ಸಮುದ್ರ ದಾಟಿ ಬಂದ ನಾವು ಏನೇನನ್ನೋ ಬಿಟ್ಟೆವು, ಇದನ್ನು ಮಾತ್ರ ಕಟ್ಟಿಕೊಂಡು ಬಂದೆವು.

ಅಣ್ಣ ಬಂದ ದಿನ ನಾನು ಮೊದಲೇ ಗೋಡೆ ಬಡಿದು, ಕಂಬ ಎಲ್ಲಿಂದ ಎಲ್ಲಿಯವರೆಗೆ ಎಂದು ಪೆನ್ಸಿಲಿನಿಂದ ಎರಡು ಗೆರೆ ಎಳೆದಿಟ್ಟಿದ್ದೆ. ಅವರಿಗೆ ತೋರಿಸಿದೆ. "ಕಂಡಿತು, ಕಂಡಿತು," ಎಂದರು. ಏಣಿ ಹತ್ತಿದರು. ಎಡಗೈಯಿಂದ ಗೋಡೆ ಸವರಿ, ಡ್ರಿಲ್ಲಿನ ಮೊನೆ ಇಟ್ಟರು. ಗೆರೆಯಿಂದ ಎರಡು ಇಂಚು ಹೊರಗೆ.

ನಾನು ಏಣಿ ಹಿಡಿದು ಕೆಳಗೆ ನಿಂತಿದ್ದೆ. ಬಾಯಿ ತೆರೆದೆ, ಮುಚ್ಚಿದೆ. ಅವರಿಗೆ ಏನಾದರೂ ಉದ್ದೇಶ ಇರಬಹುದು, ಇಪ್ಪತ್ತಾರು ವರ್ಷದ ಕೈ ಎಂದುಕೊಂಡೆ. ಡ್ರಿಲ್ ಕೂಗಿತು. ಐದಾರು ಸೆಂಟಿಮೀಟರ್ ಹೋಗಿ ಧಡಕ್ಕನೆ ಒಳಗೆ ನುಗ್ಗಿತು. ಬಿಳಿ ಕಾಳುಗಳು ಅವರ ಅಂಗಿಯ ತೋಳಿನ ಮೇಲೆ, ನನ್ನ ತಲೆಯ ಮೇಲೆ ಉದುರಿದವು. ಅಣ್ಣ ಡ್ರಿಲ್ ನಿಲ್ಲಿಸಿದರು. ಗೋಡೆಗೆ ಮುಖ ಮಾಡಿಕೊಂಡೇ ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ನಾನು ಕೆಳಗೆ ಏಣಿಯನ್ನು ಇನ್ನೂ ಗಟ್ಟಿ ಹಿಡಿದೆ. ಆಮೇಲೆ ಅವರು, "ಗಟ್ಟಿ ಉಂಟು," ಎಂದು ಎರಡನೆಯ ತೂತು ಹೊಡೆಯಲು ಶುರು ಮಾಡಿದರು. ಅದೂ ಗೆರೆಯ ಹೊರಗೇ ಬಿತ್ತು.

ಕೆಮಿಕಲ್ ಒಣಗಲು ಒಂದು ದಿನ ಬಿಟ್ಟೆ. ಮರುದಿನ ಮಧ್ಯಾಹ್ನ ಒಬ್ಬನೇ ಹೋಗಿ ಗೇಜ್ ಕೂರಿಸಿ ಹಿಡಿಕೆ ತಿರುಗಿಸಿದೆ. ಮುಳ್ಳು ಬೇಕಾದ ಅಂಕೆಯ ಅರ್ಧಕ್ಕೂ ಏರಲಿಲ್ಲ. ಕಿರಿ ಎಂಬ ಸಣ್ಣ ಸದ್ದಿನೊಂದಿಗೆ ಬ್ರಾಕೆಟ್, ಬೋಲ್ಟ್, ಅಂಗೈಯಗಲದ ಪ್ಲಾಸ್ಟರ್ ಎಲ್ಲ ಕಿತ್ತು ನನ್ನ ಕೈಗೆ ಬಂತು. ಪಕ್ಕದಲ್ಲೇ ನನ್ನ ಪೆನ್ಸಿಲ್ ಗೆರೆ ಹಾಗೇ ಇತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ. ಟೇಪನ್ನು ನನ್ನ ಕೈಗೆ ಕೊಟ್ಟದ್ದು, ಗೋಡೆ ಸವರಿದ್ದು, ಮೆಟ್ಟಿಲಲ್ಲಿ ಎಡವಿದ್ದು ಎಲ್ಲ ಒಂದೊಂದಾಗಿ ನೆನಪಾಯಿತು. ಅಣ್ಣನಿಗೆ ಎಷ್ಟೋ ವರ್ಷದಿಂದ ಸಕ್ಕರೆ ಕಾಯಿಲೆ. ಮಾತ್ರೆ ನುಂಗಿ ಮೇಲೆ ಎರಡು ಚಮಚ ಸಕ್ಕರೆಯ ಚಹಾ ಕುಡಿಯುತ್ತಿದ್ದರು, ಬೈದರೆ ನಗುತ್ತಿದ್ದರು. ಅವರಿಗೆ ಕಣ್ಣು ಕಾಣುತ್ತಿಲ್ಲ. ಆ ಬ್ರಾಕೆಟ್ ಹಿಡಿದುಕೊಂಡು ಅಜ್ಜಿಯ ಖಾಲಿ ಕೋಣೆಯಲ್ಲಿ ನೆಲದ ಮೇಲೆ ಕುಳಿತು ಅತ್ತೆ.

ಕೆಲಸವನ್ನು ಅಣ್ಣನಿಗೆ ಕೊಡಲಾಗುವುದಿಲ್ಲ ಎಂಬುದರಲ್ಲಿ ನನಗೆ ಎರಡು ಮನಸ್ಸಿರಲಿಲ್ಲ. ಅಷ್ಟರಮಟ್ಟಿಗೆ ನಾನು ಪ್ರಾಮಾಣಿಕ. ಕೇರಳದವನ ಕಂಪನಿಯ ಹೆಸರು ಬರೆದು, ಗೇಜಿನ ಫೋಟೋ ಅಂಟಿಸಿ ಯಜಮಾನರಿಗೆ ಕಳಿಸಿದೆ. ಅವರು ಒಂದೇ ಮಾತಿನಲ್ಲಿ, "ಯಲ್ಲಾ, ಶುರು ಮಾಡಿಸು," ಎಂದರು. ಉಳಿದದ್ದು ಅಣ್ಣನಿಗೆ ಹೇಳುವುದು. ಏನೆಂದು ಹೇಳಲಿ? ನಿಮಗೆ ಕಣ್ಣು ಕಾಣುವುದಿಲ್ಲ ಎಂದೇ? ಉಂಡ ಮನೆಗೆ ಎರಡು ಬಗೆಯಬಾರದು ಎಂದು ನಮ್ಮಲ್ಲಿ ಎಳೆಯ ಮಕ್ಕಳಿಗೂ ಗೊತ್ತು. ಮೂರು ದಿನ ಫೋನ್ ತೆಗೆದೆ, ಇಟ್ಟೆ. ಅವರು ಹಾಗೆಯೇ ಏಣಿ ಹತ್ತುತ್ತಿದ್ದರೆ ಒಂದು ದಿನ ಬೀಳುತ್ತಾರೆ ಎಂಬ ಹೆದರಿಕೆ ಬೇರೆ.

ನಾಲ್ಕನೆಯ ದಿನ ಬೆಳಿಗ್ಗೆ ಆಫೀಸಿನಲ್ಲಿ ಕೂತು ಅವರ ಕಂಪನಿಯ ಮುದೀರನಿಗೆ ಒಂದು ಈಮೇಲ್ ಬರೆದೆ. ಬಹಳ ನಯವಾದ ಇಂಗ್ಲಿಷು. ಪ್ರಾಯೋಗಿಕ ಅಳವಡಿಕೆ ವಿಫಲವಾಗಿದೆ. ನಿಮ್ಮ ಹಿರಿಯ ಸಿಬ್ಬಂದಿಯ ಅನುಭವದ ಬಗ್ಗೆ ನಮಗೆ ಅಪಾರ ಗೌರವವಿದೆ. ಆದರೆ ಅವರ ಸುರಕ್ಷತೆಯ ದೃಷ್ಟಿಯಿಂದ ಕಣ್ಣಿನ ತಪಾಸಣೆ ಮಾಡಿಸುವುದು ಸೂಕ್ತ. ಕೆಳಗೆ ನನ್ನ ಹೆಸರು, ಹುದ್ದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಜಾಣತನ. ಕಂಪನಿಯ ಇನ್ಶೂರೆನ್ಸಿನಲ್ಲಿ ಚಿಕಿತ್ಸೆ ಸಿಗಬಹುದು, ಕುಳಿತು ಮಾಡುವ ಯಾವುದಾದರೂ ಕೆಲಸ ಕೊಡಬಹುದು ಎಂದು ನನ್ನನ್ನು ನಾನೇ ನಂಬಿಸಿಕೊಂಡೆ. ಹಳಬರನ್ನು ಕಳಿಸಲು ಕಾರಣ ಹುಡುಕುತ್ತಿದ್ದ ಮನುಷ್ಯ ಅವನೆಂದು ಗೊತ್ತಿದ್ದೂ ಕಳಿಸಿದೆ. ಒತ್ತಿದ ಮೇಲೆ ಎದೆ ಹಗುರಾಯಿತು. ಆ ಹಗುರವನ್ನು ನೆನೆದರೆ ಇಂದಿಗೂ ನನ್ನ ಮೇಲೆ ನನಗೆ ಹೇಸಿಗೆ ಬರುತ್ತದೆ.

ಕೇರಳದವನ ತಂಡ ಮರುವಾರ ಬಂತು. ಎರಡು ದಿನ ಬರೀ ಕಬ್ಬಿಣದ ಚೌಕಟ್ಟು. ಪ್ರತಿಯೊಂದು ಬೋಲ್ಟನ್ನೂ ನನ್ನ ಎದುರಿಗೇ ಗೇಜ್ ಹಾಕಿ ಎಳೆದು, ಅಂಕೆ ಬರೆದು, ಸಹಿ ಹಾಕಿಸಿಕೊಂಡರು. ತುಕ್ಕು ಹಿಡಿಯದಂತೆ ಕಬ್ಬಿಣಕ್ಕೂ ಅಲ್ಯೂಮಿನಿಯಂಗೂ ನಡುವೆ ರಬ್ಬರ್ ಪಟ್ಟಿ ಇಟ್ಟರು. ಚಾನೆಲ್ಲಿನೊಳಗೆ ಶಟರಿನ ಪಟ್ಟಿಗಳ ತುದಿಗೆ ಕೊಕ್ಕೆ. ಗಾಳಿ ಎಳೆದಷ್ಟೂ ಕೊಕ್ಕೆ ಬಿಗಿಯುತ್ತದೆ. ಕೈಯಿಂದ ತಿರುಗಿಸುವ ಹಿಡಿಕೆಯನ್ನು ಬದಲಾಯಿಸಿದ್ದರು. ಹೊಸದನ್ನು ತಿರುಗಿಸಲು ಸುತ್ತು ಹೆಚ್ಚು ಬೇಕು, ಬಲ ಕಡಿಮೆ ಸಾಕು. ಅಜ್ಜಿಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ತಂದು ಆ ಗಂಟು ಮುಖದವನೇ ತೋರಿಸಿಕೊಟ್ಟ. ಅಜ್ಜಿ ಹನ್ನೆರಡು ಸುತ್ತು ತಿರುಗಿಸಿದರು. ಬೆಳಕು ಒಂದು ಗೇಣು ಒಳಗೆ ಬಂತು. "ಖಲಾಸ್?" ಎಂದು ಕೇಳಿದರು, ಮುಗಿಯಿತಾ ಎಂದು. ಅವನು ಮೊದಲ ಸಲ ನಕ್ಕ.

ಹದಿನೈದು ದಿನದೊಳಗೆ ಮತ್ತೊಂದು ಗಾಳಿ ಬಂತು. ಮಳೆಯಿಲ್ಲ, ಬರೀ ಮರಳು. ನಾನು ಆ ಸಂಜೆ ಕೋಣೆಯಲ್ಲೇ ನಿಂತಿದ್ದೆ. ಶಟರಿಗೆ ಮರಳು ಉಜ್ಜುವ ಸದ್ದು ಕೇಳುತ್ತಿತ್ತು, ಚೌಕಟ್ಟು ಅಲುಗಲಿಲ್ಲ. ಅಜ್ಜಿ ತಮ್ಮ ಮಂಚದ ಮೇಲೆ ಜಪಮಣಿ ಎಣಿಸುತ್ತ ಮಲಗಿದ್ದರು, ಸ್ವಲ್ಪ ಹೊತ್ತಿಗೆ ನಿದ್ದೆ ಹೋದರು. ಯಜಮಾನರು ನನ್ನ ಭುಜ ತಟ್ಟಿ, ಒಳ್ಳೆಯವನನ್ನು ಆರಿಸಿದ್ದಿ ಎಂದರು. ನನ್ನ ಫೋನಿನಲ್ಲಿ ಅಣ್ಣನಿಗೆ ಮಾಡಿದ, ಅವರು ತೆಗೆಯದ ಹನ್ನೊಂದು ಕರೆಗಳಿದ್ದವು.

ಸುದ್ದಿ ಹೇಳಿದ್ದು ಅವರ ಕೋಣೆಯಲ್ಲಿದ್ದ ಮೂಲ್ಕಿಯವನು. "ಅಣ್ಣನ ವೀಸಾ ಕ್ಯಾನ್ಸಲ್ ಆಯ್ತು ಮಾರಾಯ್ರೆ. ಶುಕ್ರವಾರ ಮಂಗಳೂರು ಫ್ಲೈಟು. ನಿಮಗೆ ಗೊತ್ತಿಲ್ವಾ?"

ಶುಕ್ರವಾರ ಬೆಳಿಗ್ಗೆ ಮುಸಫ್ಫಾಕ್ಕೆ ಹೋದೆ. ಅಣ್ಣ ಕೆಳಗಿನ ಮಂಚದ ಮೇಲೆ ಕುಳಿತಿದ್ದರು. ರಟ್ಟಿನ ಪೆಟ್ಟಿಗೆಗೆ ಹಗ್ಗ ಬಿಗಿದಾಗಿತ್ತು. ಬಾಗಿಲಿನತ್ತ ಮುಖ ಎತ್ತಿ, "ಯಾರು?" ಎಂದರು. ನಾಲ್ಕಡಿ ದೂರದಲ್ಲಿದ್ದೆ.

"ನಾನು ಅಣ್ಣ."

"ಓ. ಬಾ, ಕೂತ್ಕೊ. ಚಾ ಮಾಡ್ಲಿಕ್ಕೆ ಹಾಲು ಇಲ್ಲ."

ಕುಳಿತೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಕಂಠಪಾಠ ಮಾಡಿಕೊಂಡು ಬಂದಿದ್ದೆ. ನಾನು ಶುರು ಮಾಡುವ ಮೊದಲೇ ಅವರೇ ಕೇಳಿದರು.

"ಶಟರ್ ಆಯ್ತಾ?"

"ಆಯ್ತು."

"ಚೌಕಟ್ಟು ಹಾಕಿದ್ರಾ?"

"ಹಾಕಿದ್ರು."

"ಅದೇ ಸರಿ. ಮುದುಕಿ ಮಲಗುವ ಜಾಗ ಅದು."

"ಅಣ್ಣ, ನಾನು ಆ ಈಮೇಲು..."

ಅವರು ಕೈ ಎತ್ತಿ ತಡೆದರು.

"ಮುದೀರ್ ಅದನ್ನು ಪ್ರಿಂಟ್ ತೆಗ್ದು ನನ್ನ ಕೈಗೆ ಕೊಟ್ಟ. ಓದು ಅಂದ. ಕಣ್ಣಿನ ಹತ್ರ ಹಿಡ್ದೆ, ದೂರ ಹಿಡ್ದೆ. ಆಗ್ಲಿಲ್ಲ. ಆಫೀಸಲ್ಲಿ ಎಲ್ಲ ನೋಡ್ತಾ ಇದ್ರು. ಕಡೆಗೆ ಆ ಟೈಪ್ ಮಾಡುವ ಹುಡುಗಿ ಎದ್ದು ಬಂದು ಜೋರಾಗಿ ಓದಿದ್ಲು. ಒಳ್ಳೆ ಇಂಗ್ಲಿಷು. ಕಡೆಗೆ ನಿನ್ನ ಹೆಸ್ರು ಬಂತು."

 ನಾನು ಅವರ ಕಾಲು ಹಿಡಿಯಲು ಬಗ್ಗಿದೆ. ಅವರು ನನ್ನ ತೋಳು ಹುಡುಕಿ ಹಿಡಿದು ಎಬ್ಬಿಸಿದರು.

"ಕೆಲ್ಸ ಕೊಡದ್ದಕ್ಕೆ ನಂಗೆ ಬೇಜಾರಿಲ್ಲ. ಕೊಟ್ಟಿದ್ರೆ ನೀನು ತಪ್ಪು ಮಾಡ್ತಿದ್ದಿ. ಆದ್ರೆ ಒಂದು ಮಾತು ಕೇಳ್ತೇನೆ, ಸತ್ಯ ಹೇಳು. ಆವತ್ತು ಡ್ರಿಲ್ ಒಳಗೆ ಹೋಯ್ತಲ್ಲ, ನೀನು ಕಂಡಿದ್ದಿಯಾ?"

"ಕಂಡಿದ್ದೆ ಅಣ್ಣ."

"ನಂಗೂ ಕೈಗೆ ಗೊತ್ತಾಯ್ತು. ಎಲ್ಲಿ ತಪ್ಪಿತು ಅಂತ ಮಾತ್ರ ಕಾಣ್ಲಿಲ್ಲ. ನಿಲ್ಲಿಸಿದೆ. ಕೆಳಗೆ ನೀನು ಇದ್ದಿ, ಬೇರೆ ಯಾರೂ ಇಲ್ಲ. ಅಣ್ಣ, ಇಳೀರಿ, ಸಾಕು ಅಂತ ನೀನು ಹೇಳ್ತಿ ಅಂತ ಕಾದೆ ಮಾರಾಯ. ಹೇಳಿದ್ರೆ ಅಲ್ಲೇ ಇಳ್ದು ಎಲ್ಲ ಹೇಳ್ತಿದ್ದೆ. ಎರಡು ವರ್ಷದಿಂದ ಯಾರಿಗಾದ್ರೂ ಹೇಳುವ ಅಂತ ಇದ್ದೆ ನಾನು."

ನಾನು ಪೆಟ್ಟಿಗೆಯ ಹಗ್ಗವನ್ನು ಇನ್ನೊಮ್ಮೆ ಬಿಗಿದೆ. ಸ್ವಲ್ಪ ಹೊತ್ತಿಗೆ ಮೂಲ್ಕಿಯವನು ಬಂದು ಗಾಡಿ ಬಂದಿದೆ ಎಂದ.